ಜನ್ನತಬಿಯ ಜೋಳದ ಕೈಚೀಲ

ದೇವಣಗಾಂವದ ಜನ್ನತಬಿ ನೆಲಕ್ಕೆ ಕೂತಳೆಂದರೆ ಏಳಿಸಲು ಒಬ್ಬರು ಬೇಕು. ಅಂದು ಮನೆಯಲ್ಲಿ ಆ ಒಬ್ಬರೂ ಇರಲಿಲ್ಲ. ಸೊಸೆ ಮೆಹರಾಜ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಮಗ ಖಾಜಾಸಾಬ ತನ್ನ ಕಿರಾಣಿ ಅಂಗಡಿಯಲ್ಲಿದ್ದ. ಜನ್ನತಬಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು.

ಅವಳು ಕೈ ಊರಿದಳು, ಮೊಣಕಾಲು ಊರಿದಳು, "ಯಾ ಅಲ್ಲಾ" ಎಂದಳು. ಸೊಂಟ ಮಾತ್ರ ಮೇಲೆ ಬರಲಿಲ್ಲ. ಒಲೆ ಹಾಲನ್ನೆಲ್ಲ ಕುಡಿಯಿತು. ಕೋಳಿಗಳು ಧೈರ್ಯವಾಗಿ ಬಂದು ಮೊರದೊಳಗಿನ ಜೋಳಕ್ಕೆ ಬಾಯಿ ಹಾಕಿದವು.

"ರೇವವ್ವಾ! ಏ ರೇವವ್ವಾ! ಲಗೂನ ಬಾ, ನಾ ನೆಲಕ್ಕ ಅಂಟ್ಕೊಂಡೇನಿ!"

ಪಕ್ಕದ ಮನೆಯ ರೇವವ್ವ ಓಡಿ ಬಂದಳು. ಅವಳು ಜನ್ನತಬಿಗಿಂತ ಎರಡು ವರ್ಷ ಹಿರಿಯಳು. ಅಂದು ಬೆಳಿಗ್ಗೆಯಷ್ಟೇ ಹೊಲದಿಂದ ಮೇವಿನ ಹೊರೆ ಹೊತ್ತು ತಂದಿದ್ದಳು. ರಟ್ಟೆಗೆ ಕೈ ಹಾಕಿ ಒಂದೇ ಸಲಕ್ಕೆ ಗೆಳತಿಯನ್ನು ಎತ್ತಿ ನಿಲ್ಲಿಸಿದಳು.

"ಏನ ಬೇ, ಹೊರೀಕಿಂತ ಜಡ ಆಗೀಯಲ್ಲ!"

"ನಗಬ್ಯಾಡ. ವಯಸ್ಸಾತು."

"ಹಂಗಾರ ನಾ ಏನು ನಿನ್ನೆ ಹುಟ್ಟೇನೇನು?"

ಸಂಜೆ ಸುದ್ದಿ ಕೇಳಿ ಖಾಜಾಸಾಬನ ಮುಖ ಸಣ್ಣದಾಯಿತು. ತಾಯಿಯೆಂದರೆ ಅವನಿಗೆ ಪ್ರಾಣ. ನಾಲ್ಕು ವರ್ಷದ ಹಿಂದೆ ಊರಿಗೆ ಹಿಟ್ಟಿನ ಗಿರಣಿ ಬಂದ ದಿನವೇ ಬೀಸುಕಲ್ಲನ್ನು ಮೂಲೆಗೆ ಸರಿಸಿದ್ದ. ಆಮೇಲೆ ನೀರಿನ ಕೊಡ ಹೊರುವುದನ್ನು ಬಿಡಿಸಿದ, ರೊಟ್ಟಿ ಬಡಿಯುವುದನ್ನೂ ಬಿಡಿಸಿದ. ಮಗ ಅಂದರೆ ಹೀಗಿರಬೇಕು ಎಂದು ಊರೇ ಹೊಗಳಿತ್ತು. ಹೊಗಳಿಕೆಯ ನಡುವೆ ಜನ್ನತಬಿಯ ಕೈಕಾಲು ಕರಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಅಮ್ಮಾ, ನಾಳಿ ಹೊರಸು ತರಸ್ತೇನಿ. ಇನ್ನ ನೆಲಕ್ಕ ಕುಂದ್ರಬ್ಯಾಡ. ಊಟ, ನಮಾಜು, ಎಲ್ಲಾ ಹೊರಸಿನ ಮ್ಯಾಲೇ."

ಜನ್ನತಬಿಗೆ ಅಗರಖೇಡದ ಅಕ್ಕ ರಮಜಾನಬಿ ನೆನಪಾದಳು; ಅವಳೂ ಹೀಗೆಯೇ ಹೊರಸೆಂಬ ಹಗ್ಗದ ಮಂಚ ಹತ್ತಿದ್ದಳು. ಮೊದಲು ನೆಲ ತಪ್ಪಿತು, ಆಮೇಲೆ ಅಂಗಳ ತಪ್ಪಿತು. ಈಗ ಮಗ್ಗಲು ಬದಲಿಸಲೂ ಸೊಸೆಯನ್ನು ಕೂಗಬೇಕು. ಜನ್ನತಬಿಗೆ ಹಣೆಯನ್ನು ನೆಲಕ್ಕೆ ಹಚ್ಚಿ ನಮಾಜು ಮಾಡಬೇಕು, ತಾನಾಗಿ ಏಳಬೇಕು. ಇಷ್ಟೇ ಅವಳ ಆಸೆ.

ಮರುದಿನ ಕೂಸುಗಳಿಗೆ ಲಸಿಕೆ ಹಾಕಲು ನರ್ಸಬಾಯಿ ಕಸ್ತೂರೆವ್ವ ಊರಿಗೆ ಬಂದಳು. ರೇವವ್ವ ಅವಳನ್ನು ಕೈಹಿಡಿದು ಕರೆತಂದಳು. ಜನ್ನತಬಿ ಸೆರಗು ಸರಿಪಡಿಸಿಕೊಂಡು ಕೇಳಿದಳು:

"ಬಾಯಾರ, ಕಾಲಿಗೆ ತಾಕತ್ ಬರೂ ಸೂಜಿ ಐತೇನ್ರಿ?"

"ಐತ್ರಿ ಯಮ್ಮಾ. ಆದ್ರ ಅದು ನನ್ನ ಪೆಟಿಗ್ಯಾಗಿಲ್ಲ, ನಿಮ್ಮ ಜೋಳದ ಹಗೇದಾಗ ಐತಿ."

ಕಸ್ತೂರೆವ್ವ ನಕ್ಕಳು. ಅವಳ ತಂದೆ ಮುದ್ದೇಬಿಹಾಳದ ತಾಲೀಮಿನ ಗರಡಿಮನೆಯಲ್ಲಿ ಪೈಲವಾನರಿಗೆ ಕುಸ್ತಿ ಕಲಿಸುವ ವಸ್ತಾದನಾಗಿದ್ದ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಅವಳು ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ಕಲಿತಿದ್ದಳು.

"ಮೈಯಾಗಿನ ಸ್ನಾಯು ಕೂಲಿಯಾಳಿದ್ದಂಗ್ರಿ. ಕೆಲಸಾ ಕೊಟ್ರ ಇರ್ತಾವು, ಕೊಡದಿದ್ರ ಊರು ಬಿಟ್ಟು ಹೋಗ್ತಾವು. ಭಾರಾ ಎತ್ತಿದ್ರ ತಿರುಗಿ ಬರ್ತಾವು. ಎಲುಬೂ ಗಟ್ಟಿ ಆಗ್ತಾವು, ಬೀಳೂದು ಕಡಿಮಿ ಆಗತೈತಿ, ನಿದ್ದಿನೂ ಚಲೋ ಹತ್ತತೈತಿ."

"ಈ ವಯಸ್ಸಿನಾಗ ನಾ ಪೈಲವಾನ ಆಗಲೇನು?" ಜನ್ನತಬಿ ಬಾಯಿಗೆ ಸೆರಗು ಹಿಡಿದಳು.

"ಪೈಲವಾನ ಬ್ಯಾಡ. ನಿಮ್ಮ ಭಾರಾ ನೀವ ಎತ್ತಿದ್ರ ಸಾಕು."

ಎದೆ ಬಡಿತ, ದಮ್ಮು ನೋಡಿದ ಮೇಲೆ ಕಸ್ತೂರೆವ್ವ ಪಾಠ ಶುರುಮಾಡಿದಳು. ಎರಡು ಬಟ್ಟೆಯ ಕೈಚೀಲದಲ್ಲಿ ಅರ್ಧರ್ಧ ಸೇರು ಜೋಳ ಹಾಕಿಸಿದಳು. ಕೈಗೊಂದು ಹಿಡಿದು, ಬೆನ್ನು ನೆಟ್ಟಗಿಟ್ಟು, ಎದೆಯ ಮಟ್ಟಕ್ಕೆ ಎತ್ತಿ ನಿಧಾನವಾಗಿ ಇಳಿಸುವುದು. ಗೋಡೆಗೆ ಕೈಯಿಟ್ಟು ಮೈ ಬಗ್ಗಿಸಿ ದೂಡುವುದು. ಬಾಗಿಲ ಕಟ್ಟೆಯ ಮೇಲೆ ಕೂತು ಕೈ ಊರದೆ ಏಳುವುದು. ಪ್ರತಿಯೊಂದೂ ಹತ್ತು ಸಲ. ಸುಧಾರಿಸಿಕೊಂಡು ಮತ್ತೆ ಹತ್ತು ಸಲ.

"ಎತ್ತುವಾಗ ಉಸಿರು ಬಿಡ್ರಿ, ಕಟ್ಟಬ್ಯಾಡ್ರಿ. ಕಡೀ ಎರಡು ಸಲ ಜಡ ಅನಸಬೇಕು. ಅನಸಲಿಲ್ಲಂದ್ರ ಮುಂದಿನ ಶುಕ್ರವಾರ ಪಾವಸೇರು ಹೆಚ್ಚಿಗಿ ಹಾಕ್ರಿ."

"ಹಂಗಾರ ದಿನಾ ಎರಡು ಹೊತ್ತು ಮಾಡ್ತೇನಿ. ಲಗೂ ಆಗತೈತಿ."

"ಬ್ಯಾಡ! ಒಂದಿನ ಬಿಟ್ಟು ಒಂದಿನ. ಮಳಿಯಾದ ಮರುದಿನ ಎರಿ ಹೊಲದಾಗ ಕಾಲಿಡ್ತೀರೇನು? ಹದಕ್ಕ ಬರೂತನಕ ಕಾಯ್ತೀರಿ. ಮೈನೂ ಹಂಗ. ಎತ್ತಿದ ದಿನ ದಣೀತೈತಿ, ಬಿಟ್ಟ ದಿನ ಬೆಳೀತೈತಿ. ಮ್ಯಾಲ ಒಂದು ತತ್ತಿ, ಹಾಲು, ಬ್ಯಾಳಿ, ಹಿಡಿ ಶೇಂಗಾ ತಿನ್ರಿ."

ಇದನ್ನು ಕೇಳಿ ಖಾಜಾಸಾಬ ಕೆರಳಿದ. "ಜನಾ ಏನಂದಾರು? ಖಾಜಾಸಾಬ ಮುದುಕಿ ತಾಯಿ ಕೈಲೆ ಭಾರಾ ಹೊರಸ್ತಾನ ಅಂದಾರು!"

"ಯಾರ ಮುದುಕಿ?" ಜನ್ನತಬಿ ಕೇಳಿದಳು. ಅವನು ಅಂಗಡಿಯ ದಾರಿ ಹಿಡಿದ.

ಹೊರಸೂ ಬಂತು. ಜನ್ನತಬಿ ಅದರ ಮೇಲೆ ಮೆಣಸಿನಕಾಯಿ ಹರವಿ ಒಣಗಹಾಕಿದಳು.

ಮೊದಲ ವಾರ ತೊಡೆ ನೊಂದವು. ಎರಡನೆಯ ವಾರ ನೋವು ಇಳಿಯಿತು. ಸೊಸೆ ಮೆಹರಾಜ ಪ್ರತಿ ಶುಕ್ರವಾರ ತಪ್ಪದೆ ಪಾವಸೇರು ಅಳೆದು ಹಾಕುತ್ತಿದ್ದಳು. ಆರು ವಾರ ಕಳೆದವು. ವಿಚಿತ್ರವೆಂದರೆ, ಕಾಲಿಗೆ ತುಸು ಕಸುವು ಬಂದರೂ ತೋಳು ಇದ್ದಲ್ಲೇ ಇತ್ತು. ಒಂದು ತುಂಬಿದ ತಂಬಿಗೆ ಎತ್ತಿದರೂ ಕೈ ನಡುಗುತ್ತಿತ್ತು. ಜನ್ನತಬಿ ಒಳಗೊಳಗೇ ಅಳುಕಿದಳು. ಹೊರಸಿನ ಮೇಲಿನ ಮೆಣಸಿನಕಾಯಿ ಒಣಗಿ ಮುಗಿಯುತ್ತ ಬಂದಿದ್ದವು.

ಅಷ್ಟರಲ್ಲಿ ಕಸ್ತೂರೆವ್ವ ಮತ್ತೆ ಬಂದಳು.

"ಬಾಯಾರ, ನನ್ನ ಹಣೇಬರಹದಾಗ ಇಲ್ಲ ಬಿಡ್ರಿ. ಎರಡು ಸೇರು ಸನೇಕ ಬಂದೇನಿ, ತೋಳಿಗೇನೂ ಹತ್ತವಲ್ದು."

ಕಸ್ತೂರೆವ್ವ ಚೀಲ ಎತ್ತಿ ನೋಡಿದಳು. ಅವಳ ಹುಬ್ಬು ಮೇಲೇರಿತು. ಗಂಟು ಬಿಚ್ಚಿ ಸೇರಿನಿಂದ ಅಳೆದಳು. ಅರ್ಧ ಸೇರೂ ತುಂಬಲಿಲ್ಲ!

"ನಾ ಹಾಕೇನ್ರಿ, ಅಲ್ಲಾನ ಆಣಿ," ಎಂದಳು ಮೆಹರಾಜ. ಆಮೇಲೆ ಹಿತ್ತಲಿನ ಕಡೆ ನೋಡಿ, ಸಣ್ಣ ದನಿಯಲ್ಲಿ, "ಅತ್ತೀ, ನಮ್ಮ ಕೋಳಿ ಯಾಕ ಇಷ್ಟ ದಪ್ಪಾಗ್ಯಾವು ಅಂತ ನಾನೂ ವಿಚಾರ ಮಾಡಾಕತ್ತಿದ್ದೆ."

ಎಲ್ಲರೂ ಹಿತ್ತಲಿಗೆ ನೋಡಿದರು. ಕೋಳಿಗಳು ಸಾಹುಕಾರರಂತೆ ತೂಗಾಡುತ್ತ ನಡೆಯುತ್ತಿದ್ದವು. ಆಗಷ್ಟೇ ಊಟಕ್ಕೆ ಬಂದ ಖಾಜಾಸಾಬ ಬಾಗಿಲಲ್ಲೇ ನಿಂತು ತನ್ನ ಚಪ್ಪಲಿಯನ್ನು ನೋಡತೊಡಗಿದ.

"ಖಾಜಾ!" ಎಂದಳು ಜನ್ನತಬಿ.

"ಅಮ್ಮಾ... ನೀ ಮುಲುಕೂದು ಕೇಳಾಕ ಆಗಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗೂ ಮುಂದ ಒಂದೊಂದು ಬೊಗಸಿ ತಗದು ಕೋಳಿಗೆ..."

ರೇವವ್ವ ಕಿಸಕ್ಕನೆ ನಕ್ಕಳು. "ತಾಯೀನ ತಾಲೀಮಿಗೆ ಹಚ್ಚಿ ಕೋಳೀನ ಪೈಲವಾನ ಮಾಡ್ಯಾನ ನೋಡ್ರವಾ!"

ಕಸ್ತೂರೆವ್ವ ಮಾತ್ರ ನಗಲಿಲ್ಲ. "ಅಣ್ಣಾರ, ಔಷಧಾ ಚೆಲ್ಲಿ ಖಾಲಿ ಬಾಟ್ಲಿ ಕುಡಿಸೀರಿ. ಇಲ್ಲಿ ಭಾರಾನ ಔಷಧಾ. ಅದನ್ನ ತಗದ್ರ ಉಳದದ್ದೇನು, ಬರೇ ಚೀಲ."

ಜನ್ನತಬಿ ಮಗನನ್ನು ಹತ್ತಿರ ಕೂರಿಸಿಕೊಂಡಳು. ಅವಳಿಗೆ ಸಿಟ್ಟೂ ಬಂದಿತ್ತು, ಕರುಳೂ ಕರಗಿತ್ತು.

"ನೀ ನಡ್ಯಾಕ ಕಲಿಯುವಾಗ ನೂರು ಸಲ ಬಿದ್ದಿ. ಬೀಳ್ತೀ ಅಂತ ನಾ ಎತ್ಕೊಂಡ ತಿರಗಿದ್ರ, ನೀ ಇವತ್ತಿಗೂ ನನ್ನ ಬಗಲಾಗ ಇರ್ತಿದ್ದಿ. ನನ್ನ ಮಗಾ ಆಗಿ ನನ್ನ ಬೀಳಾಕ ಬಿಡಬ್ಯಾಡ. ಆದ್ರ ಏಳಾಕ ಅಡ್ಡ ಬರಬ್ಯಾಡ."

ಖಾಜಾಸಾಬ ತಲೆಬಾಗಿಸಿದ. ಎದ್ದು ಹೋಗಿ ತಾನೇ ಜೋಳ ಅಳೆದು ತಂದ. ಆವೇಶದಲ್ಲಿ ಎರಡೆರಡು ಸೇರು ತಂದಿದ್ದ.

"ಅಷ್ಟಲ್ರಿ!" ಕಸ್ತೂರೆವ್ವ ತಡೆದಳು. "ಅರ್ಧ ಸೇರಿನಿಂದ ಶುರು ಮಾಡ್ರಿ. ಆರು ವಾರದ್ದು ಒಂದ ದಿನಕ್ಕ ಎತ್ತಿದ್ರ ಕೀಲು ಮುರೀತಾವು."

ಅಂದಿನಿಂದ ಖಾಜಾಸಾಬನಿಗೆ ಬೇರೆ ಕೆಲಸ ಸಿಕ್ಕಿತು. ದಿನ ಬಿಟ್ಟು ದಿನ ತಾಯಿಯ ಮುಂದೆ ಕೂತು ಎಣಿಸುವುದು. ಎಂಟು ಎನ್ನುವಾಗ ಅವಳು ಮುಲುಕುತ್ತಿದ್ದಳು, ಅವನು ಹಲ್ಲು ಕಚ್ಚುತ್ತಿದ್ದ. ಆದರೂ "ಇನ್ನೆರಡ ಅಮ್ಮಾ, ಉಸಿರು ಬಿಡು" ಎನ್ನುತ್ತಿದ್ದ. ಎಣಿಸಿ ಎಣಿಸಿ ಬೇಸರವಾಗಿ, ತಾನೂ ಪಕ್ಕದಲ್ಲಿ ನಿಂತು ಬಸ್ಕಿ ಹೊಡೆಯತೊಡಗಿದ. ಅಂಗಡಿಯ ಗಾದಿಯ ಮೇಲೆ ಕೂತು ಕೂತು ಹಿಡಿದಿದ್ದ ಅವನ ಸೊಂಟ ಸಡಿಲವಾಯಿತು. ಈ ಮಾತನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ. ಮೆಹರಾಜ ನೋಡಿ ತಿಳಿದುಕೊಂಡಳು.

ಜೋಳ ಸೇರಿಗೆ ಏರಿತು, ಒಂದೂಕಾಲು ಸೇರಿಗೆ ಏರಿತು. ಕೂರುವ ಎತ್ತರ ಮಾತ್ರ ಇಳಿಯುತ್ತ ಬಂತು. ಕಟ್ಟೆ ಬಿಟ್ಟು ಅಂಗಡಿಯ ಕಟ್ಟಿಗೆಯ ಪೆಟ್ಟಿಗೆ, ಪೆಟ್ಟಿಗೆ ಬಿಟ್ಟು ಎರಡು ಮಣೆ, ಆಮೇಲೆ ಒಂದು ಮಣೆ. ಕೊನೆಗೆ ಉಳಿದದ್ದು ನೆಲ.

ನಾಲ್ಕನೆಯ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಜನ್ನತಬಿ ನೆಲದ ಮೇಲೆ ಚಾಪೆ ಹಾಸಿದಳು. ಮಗ, ಸೊಸೆ, ರೇವವ್ವ ಬಾಗಿಲ ಆಚೆ ನಿಂತರು. ಅವಳು ಬಾಗಿದಳು, ಕೂತಳು, ಹಣೆಯನ್ನು ನೆಲಕ್ಕೆ ಹಚ್ಚಿದಳು. ಎಷ್ಟೋ ದಿನದ ಮೇಲೆ ನೆಲದ ತಂಪು ಹಣೆಗೆ ತಾಗಿತು. ಈಗ ಏಳಬೇಕು. ಖಾಜಾಸಾಬನ ಎರಡೂ ಕೈ ತಾವಾಗಿ ಮುಂದೆ ಚಾಚಿದವು. ಅವನೇ ಅವನ್ನು ಬೆನ್ನ ಹಿಂದೆ ಒಯ್ದು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡ.

ಜನ್ನತಬಿ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ಉಸಿರು ಬಿಟ್ಟಳು. ಎದ್ದು ನಿಂತಳು.

ರೇವವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಹರಾಜಳ ಕಿವಿಯಲ್ಲಿ ಅಂದಳು, "ಇನ್ನ ನನ್ನ ಜೋಡಿ ಮೇವಿಗೆ ಕರಕೊಂಡು ಹೋಗ್ತೇನಿ ತಡಿ!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ನೆಲದಿಂದ ಏಳಲು ಕೈ ಚಾಚುವ ಹಿರಿಯರು ಇರಬಹುದು. ಅವರಿಗೆ ಆರಾಮ ಕೊಡಿ, ಆದರೆ ಕೆಲಸ ಕಸಿಯಬೇಡಿ. ಎದೆನೋವು, ದಮ್ಮು ಇದ್ದರೆ ಮೊದಲು ದವಾಖಾನೆಗೆ ತೋರಿಸಿ. ಆಮೇಲೆ ಅರ್ಧ ಸೇರು ಜೋಳದಿಂದ ಶುರುಮಾಡಿ. ವಾರಕ್ಕೆ ಮೂರು ದಿನ ಸಾಕು. ಹಗುರ ಅನಿಸಿದಾಗ ಸ್ವಲ್ಪ ಹೆಚ್ಚಿಸಿ, ಚುಚ್ಚುವ ನೋವು ಬಂದರೆ ನಿಲ್ಲಿಸಿ. ಹರೆಯದವರೂ ಈಗಲೇ ಹಿಡಿಯಿರಿ, ಕಸುವನ್ನು ಕಳೆದುಕೊಂಡು ಹುಡುಕುವುದಕ್ಕಿಂತ ಇದ್ದಾಗ ಉಳಿಸಿಕೊಳ್ಳುವುದು ಸುಲಭ. ಚೀಲ ಹೊಲಿಯಲು ಹಳೆಯ ಸೀರೆಯ ತುಂಡು ಸಾಕು. ಇಂದೇ ಹೊಲಿಯಿರಿ, ನಾಳೆ ಎತ್ತಿರಿ. ಪಕ್ಕದಲ್ಲಿ ಕೂತು ಎಣಿಸಲು ಮನೆಯವರೊಬ್ಬರನ್ನು ಕರೆಯಿರಿ.