ಎಡದ ತಂತಿ, ಬಲದ ತಂತಿ

ನನ್ನ ಗಂಡನಿಗೆ ಟೇಪಿನ ಹುಚ್ಚು. ಕನ್ನಡಕದ ಕಾಲಿಗೆ ಟೇಪು, ಬಕೆಟ್ಟಿನ ಹಿಡಿಗೆ ಟೇಪು. ಸುಮ್ಮನೆ ಕೂತಿದ್ದರೆ ನನ್ನನ್ನೂ ಸುತ್ತಿಡುವ ಆಸಾಮಿ. ಆದರೆ ಹಾಯಿದೋಣಿಯ ಕಂಬವನ್ನು ಎರಡೂ ಪಕ್ಕದಿಂದ ಎಳೆದು ಹಿಡಿಯುವ ಉಕ್ಕಿನ ತಂತಿಗಳ ಬುಡಕ್ಕೆ ಅವರು ಟೇಪು ಸುತ್ತಿದ್ದು ನನ್ನ ಬಾಯಿಗೆ ಹೆದರಿ. ಹಾಯಿ ಹೊಲಿಯುವವಳು ನಾನು. ತಂತಿಯ ತುದಿ ತಗುಲಿ ಬಟ್ಟೆ ಹರಿದಾಗಲೆಲ್ಲ ಅವರ ಚಳಿ ಬಿಡಿಸಿದ್ದೆ.

ಹೋದ ವಾರ ದೋಣಿ ಕಟ್ಟುವ ಧಕ್ಕೆಗೆ ಉಜ್ಜಿ ಎಡಗಡೆಯ ತಂತಿ ಸೊಟ್ಟಗಾಯಿತು. ಅದನ್ನು ಬಿಚ್ಚಿ ಹೊಸದು ಹಾಕಿದರು.

"ಬಲಗಡೇದು ಗಟ್ಟಿಮುಟ್ಟಾಗಿದೆ. ಟೇಪು ಒಂಚೂರೂ ಎದ್ದಿಲ್ಲ ನೋಡು," ಎಂದು ಬೀಗಿದರು.

ಇವತ್ತು ಅವರೊಬ್ಬರೇ ದೋಣಿ ತೆಗೆದುಕೊಂಡು ಹೋದ ಮೇಲೆ, ಮೂಲೆಗೆ ಬಿದ್ದಿದ್ದ ಹಳೇ ತಂತಿಯ ಕೊಂಡಿ ಉಪಯೋಗಕ್ಕೆ ಬಂದೀತೆಂದು ಅದರ ಟೇಪು ಬಿಚ್ಚಿದೆ. ಒಳಗೆ ಉಪ್ಪುನೀರು ನಿಂತು ತುಕ್ಕು ಕೆಸರಾಗಿತ್ತು. ಬೆರಳಲ್ಲಿ ಒತ್ತಿದರೆ ಎಳೆಗಳು ಒಣಹುಲ್ಲಿನಂತೆ ಮುರಿದವು. ಇದೂ ಬಲಗಡೆಯದೂ ಒಂದೇ ದಿನ ಹಾಕಿದ್ದು, ಒಂದೇ ದಿನ ಸುತ್ತಿದ್ದು.

ಫೋನ್ ಮಾಡಿದೆ. ಮೊಳೆಗೆ ನೇತುಹಾಕಿದ್ದ ಅವರ ಅಂಗಿಯ ಜೇಬಿನಲ್ಲೇ ಅದು ಬಡಿದುಕೊಂಡಿತು. ಧಕ್ಕೆಗೆ ಓಡಿ ರಕ್ಷಣಾ ಬೋಟಿನವನನ್ನು ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ.

"ಚೆನ್ನಾಗೇ ಹೋಗ್ತಿದ್ದಾರಲ್ಲಮ್ಮ," ಎಂದ. "ಏನಾದ್ರೂ ಆದ್ರೆ ಹೋಗ್ತೀವಿ. ಆಗೋಕೆ ಮುಂಚೆ ಬೋಟ್ ಇಳಿಸೋ ಹಾಗಿಲ್ಲ."

ಚೆನ್ನಾಗಿಯೇ ಹೋಗುತ್ತಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ತಂತಿಯ ಮೇಲೇ ಭಾರವೆಲ್ಲ. ಹೋಗುವಾಗ ಗಾಳಿ ಎಡಗಡೆಯಿಂದ ಇತ್ತು. ಹೊಸ ತಂತಿ ತಾಳಿಕೊಂಡಿತ್ತು. ಮನೆಗೆ ಬರಲು ದೋಣಿ ತಿರುಗಿಸಿದರೆ ಭಾರ ಬಲದ ತಂತಿಗೆ ಬೀಳುತ್ತದೆ.

ಅಷ್ಟರಲ್ಲಿ ಅತ್ತೆಯೂ ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಏನೂ ಹೇಳಲಿಲ್ಲ. ಹೇಳಿ ಮಾಡುವುದಾದರೂ ಏನು? ಗಂಡ ಮನೆಗೆ ತಿರುಗದಿರಲಿ ಎಂದು ಬೇಡಿಕೊಂಡ ಹೆಂಡತಿ ಬಹುಶಃ ನಾನೊಬ್ಬಳೇ. ಹೋಗ್ತಾ ಇರಿ, ಯಾವ ದಡವಾದರೂ ಸರಿ. ನಾನು ಹೊಲಿದ ಹಾಯಿ ಈಗಲೇ ಹರಿದುಹೋಗಲಿ, ಕಂಬದ ಭಾರ ಇಳಿಯಲಿ ಎಂದುಕೊಂಡೆ. ಅದು ಹರಿಯಲಿಲ್ಲ. ನನ್ನ ಹೊಲಿಗೆ ಗಟ್ಟಿ.

ದೂರದಲ್ಲಿ ಹಾಯಿ ಒಮ್ಮೆ ನಡುಗಿ, ಬಲದಿಂದ ಎಡಕ್ಕೆ ಹೊರಳಿತು.

"ಬಂದ ನೋಡು, ಊಟದ ಹೊತ್ತಿಗೆ ಸರಿಯಾಗಿ," ಅತ್ತೆ ನಕ್ಕರು. "ನಡಿ, ತಟ್ಟೆ ಹಾಕು."

ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ಆಮೇಲೆ ಆ ಜಾಗದಲ್ಲಿ ಬರೀ ನೀರು ಕಂಡಿತು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಹುಡುಕುತ್ತಲೇ ಇದ್ದರು.

ರಕ್ಷಣಾ ಬೋಟಿನವನು ಈಗ ಬೋಟ್ ಇಳಿಸತೊಡಗಿದ.