ಹೆಸರಿಗೆ ಮುಂಚಿನ ಅಕ್ಷರ

ಸೂತಕಕ್ಕೂ ಒಂದು ಲೆಕ್ಕವಿದೆ. ತಮ್ಮ ಸತ್ತರೆ, ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕನಿಗೆ ಮೂರೇ ದಿನ. ಅದು ಕಳೆದ ಬೆಳಿಗ್ಗೆ ಸತ್ಯಭಾಮಾ ತಲೆಗೆ ನೀರು ಹೊಯ್ದುಕೊಂಡು ಸಾಗರದ ಪೇಟೆಯಲ್ಲಿದ್ದ ಮುಕುಂದಯ್ಯ ಗೌಡರ ಪ್ರೆಸ್ಸಿಗೆ ಕೆಲಸಕ್ಕೆ ಬಂದಳು. ಅವಳು ಇನ್ನೂ ಅತ್ತಿರಲಿಲ್ಲ. ಜೀಪು ಮಗುಚಿತು ಎಂದರು, ಹೌದಾ ಎಂದಳು. ಹೊತ್ತು ತಂದರು, ನೋಡಿದಳು. ಇವಳದು ಕಲ್ಲುಮನಸ್ಸು ಎಂದು ನೆಂಟರು ಪಿಸುಗುಟ್ಟಿದ್ದೂ ಕಿವಿಗೆ ಬಿದ್ದಿತ್ತು. ನೆಂಟರಿಗೇನು, ಸೂತಕದ ಮನೆಯಲ್ಲಿ ಬೇರೆ ಕೆಲಸವಿರುವುದಿಲ್ಲ.

ಅವಳ ಪಾಲಿಗೆ ಬಂದದ್ದು ಒಂದೇ ಕೆಲಸ. ತಮ್ಮ ಸುಬ್ಬಕೃಷ್ಣನ ವೈಕುಂಠ ಸಮಾರಾಧನೆಯ ಕಾಗದವನ್ನು ಅಚ್ಚು ಹಾಕಿ, ಸಂಜೆಯ ಬಸ್ಸಿನಲ್ಲಿ ನಿಟ್ಟೂರಿನ ತವರಿಗೆ ಕಳಿಸಬೇಕಿತ್ತು. ಅಪ್ಪ ಬೇರೇನೂ ಕೇಳಿರಲಿಲ್ಲ. "ಕಾಗ್ದ ಒಂದು ನೀನೇ ಮಾಡಿ ಕಳ್ಸು ಕೂಸೆ. ಬೇರೆಯವ್ರ ಕೈಯಲ್ಲಿ ಬ್ಯಾಡ" ಎಂದಿದ್ದ.

ಆ ಪ್ರೆಸ್ಸಿಗೆ ಹಿಂದಿನ ವರ್ಷ, ಎಂಬತ್ತೆಂಟರಲ್ಲಿ, ಕಂಪ್ಯೂಟರ್ ಬಂದಿತ್ತು. ಬಂದ ಉತ್ಸಾಹಕ್ಕೆ ಗೌಡರು ಸೀಸದ ಅಚ್ಚುಮೊಳೆಗಳನ್ನೆಲ್ಲ ಗುಜರಿಗೆ ತೂಗಿ ಕೊಟ್ಟಿದ್ದರು. ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಗುವುದು ಸಹಜವೇ. ಆದರೆ ಹೊಸ ನೀರು ನಿಂತುಹೋದರೆ ಕುಡಿಯುವುದೇನನ್ನು ಎಂದು ಗೌಡರು ಯೋಚಿಸಿರಲಿಲ್ಲ.

ಸತ್ಯಭಾಮಾ ಇಲ್ಲದಾಗ ಶಿವಮೊಗ್ಗದ ಮೆಕ್ಯಾನಿಕ್ ಬಂದು, ಕಂಪ್ಯೂಟರನ್ನು ನಡೆಸುವ ಡಾಸ್ ಎಂಬುದರ ಹೊಸ ಆವೃತ್ತಿ ತುಂಬತೊಡಗಿದ್ದನಂತೆ. ನಡುವೆ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ತೆರೆಯ ಮೇಲೆ ಏನೋ ಮಿನುಗಿತು. ಅದನ್ನೇ ನೋಡಿ, ಆಯಿತು ಎಂದು ಬಸ್ಸು ಹಿಡಿದಿದ್ದ.

ಅವಳು ಕನ್ನಡ ಬರೆಯುವ ಪ್ರೋಗ್ರಾಮ್ ಕರೆದಳು. ಡಾಸ್ ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಯಂತ್ರ ಸುಮ್ಮನಾಯಿತು. ಮತ್ತೆ ಕರೆದಳು, ಅದೇ ಮಾತು. ಟ್ರಂಕ್ ಕಾಲ್ ಹಾಕಿಸಿದರೆ ಮೆಕ್ಯಾನಿಕ್, ಅರ್ಧ ಹೊಸದು ಅರ್ಧ ಹಳೆಯದು ಆಗಿ ನಿಂತಿರಬೇಕು, ಹಳೆಯ ಫ್ಲಾಪಿಯಿಂದ ಯಂತ್ರ ಎಬ್ಬಿಸಿ ಹಳೆಯದನ್ನೇ ತಿರುಗಿ ತುಂಬಿ ಎಂದ. ಗೌಡರು ಅವನಿಗೆ ಒಂದೆರಡು ಮಾತು ಬೈದು ರಿಸೀವರ್ ಇಟ್ಟರು.

ಅವಳು ಒಂದೊಂದೇ ಫ್ಲಾಪಿ ಹಾಕಿ ತೆಗೆದಳು. ಯಂತ್ರ ಕೇಳುತ್ತಿತ್ತು, ಅವಳು ಉತ್ತರ ಒತ್ತುತ್ತಿದ್ದಳು. ಹೇಗಿದ್ದೀಯಾ, ಊಟ ಮಾಡಿದೆಯಾ ಎಂದು ಅದು ಕೇಳುವುದಿಲ್ಲವಲ್ಲ, ಅಷ್ಟು ಸಾಕಾಗಿತ್ತು. ಎದೆಯೊಳಗೆ ಏನೂ ಇರಲಿಲ್ಲ.

ಪ್ರೋಗ್ರಾಮ್ ಎದ್ದಿತು, ಅಕ್ಷರ ಬರಲಿಲ್ಲ. ಹಿಂದಿನ ವಾರ ಯಾರದೋ ಗೃಹಪ್ರವೇಶಕ್ಕೆ ಬರೆದ ಕಾಗದ ತೆರೆದು ನೋಡಿದರೆ ಸಾಲುಸಾಲಾಗಿ ನಗುವ ಮುಖಗಳು, ಇಸ್ಪೀಟೆಲೆಯ ಆಟಿನ್ನುಗಳು. ಯಂತ್ರ ಏಳುವಾಗ ಮೊದಲು ಓದುವ ಫೈಲೊಂದಿದೆ. ಕನ್ನಡವನ್ನು ಒಳಗೆ ತಾ ಎನ್ನುವ ಸಾಲು ಇರುವುದು ಅದರಲ್ಲೇ. ಹೊಸ ಡಾಸ್ ಅದನ್ನು ಅಳಿಸಿ ತನ್ನದನ್ನು ಬರೆದುಕೊಂಡಿತ್ತು. ಫ್ಲಾಪಿಯಲ್ಲಿದ್ದ ಹಳೆಯ ಪ್ರತಿಯನ್ನು ಅದರ ಮೇಲೆ ಹಾಕಿ, ಯಂತ್ರ ಆರಿಸಿ ಹೊತ್ತಿಸಿದಳು. ಮುಖಗಳು ಹೋಗಿ ಕನ್ನಡ ಬಂತು.

ಗೌಡರು ಗಡಿಯಾರ ನೋಡಿ, ಬಸ್ಸಿಗೆ ಇನ್ನೂ ಹೊತ್ತಿದೆ, ಶುರು ಮಾಡಿ ಎಂದು ಹಿಂದೆ ಬಂದು ನಿಂತರು. ಶ್ರೀ ಎಂದು ಮೇಲೆ ಬರೆದಳು. ಊರು, ತಿಥಿ, ವಾರ ಎಲ್ಲ ಸರಾಗವಾಗಿ ಬಂದವು. ಹೆಸರಿನ ಸಾಲಿಗೆ ಬಂದಾಗ ಬೆರಳುಗಳು ತಾವಾಗಿಯೇ ಬರೆದವು:

ಚಿ|| ಸುಬ್ಬಕೃಷ್ಣ.

ಗೌಡರು ಓದಿದರು. ಬದುಕಿರುವ ಕಿರಿಯರ ಹೆಸರಿಗೆ ಚಿ. ಚಿರಂಜೀವಿ, ಬಹಳ ಕಾಲ ಬಾಳಲಿ ಎಂದು. ತಮ್ಮನಿಗೆ ಅಕ್ಕ ಇನ್ನೇನು ಬರೆದಾಳು? ಹೋದವರಿಗೆ ದಿ. ದಿವಂಗತ. ತಪ್ಪಿದ್ದು ಒಂದೇ ಅಕ್ಷರ.

ಸತ್ಯಭಾಮಾ ಚಿ ಅಳಿಸಿದಳು. ಹೆಸರಿಗೆ ಮುಂಚೆ ಎರಡು ಗೆರೆ ಮಾತ್ರ ಉಳಿದವು. ಬೆಳಗಿನಿಂದ ಯಂತ್ರ ಹೇಳಿದಂತೆ ಕೇಳಿದ್ದ ಬೆರಳು ಈಗ ಮೇಲೇಳಲಿಲ್ಲ.

"ಗೌಡ್ರೇ, ಇದೊಂದು ನೀವು ಒತ್ತಿ."

"ನಂಗೆ ಯಾವ್ದು ಎಲ್ಲಿದೆ ಅಂತ್ಲೇ ಗೊತ್ತಿಲ್ವಲ್ಲಮ್ಮ."

"ಎಡಗಡೆ. ನಡುವಿನ ಸಾಲು. ಮೂರನೇದು."

ಗೌಡರು ಬಾಗಿ, ತೋರುಬೆರಳಿನಿಂದ ಒಂದೊಂದೇ ಗುಂಡಿ ಮುಟ್ಟುತ್ತ ಹುಡುಕಿ ಒತ್ತಿದರು. ತೆರೆಯ ಮೇಲೆ ಬರಿಯ ದ ಕುಳಿತಿತು. ಇನ್ನು ಗುಡಿಸು ಎಲ್ಲಿ ಎಂದು ಅವರು ಮತ್ತೆ ಬಾಗಿದರು.

"ಗುಡಿಸು ನಾನೇ ಕೊಡ್ತೀನಿ" ಎಂದಳು. ಬೇರೆಯವರ ಕೈಯಲ್ಲಿ ಬೇಡವೆಂದು ಅಪ್ಪ ಹೇಳಿದ್ದ.

ಕೊಟ್ಟಳು. ದಿ ಆಯಿತು. ಇಡೀ ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿದಳು. ತಮ್ಮ ಸತ್ತ ಎಂದು ಅವಳಿಗೆ ಆಗ ಗೊತ್ತಾಯಿತು. ಗೌಡರು ಬಾಗಿಲು ಮುಂದೆ ಮಾಡಿ, ಕಾಗದ ಅಚ್ಚಾಗುವವರೆಗೆ ಬಸ್ಸು ನಿಲ್ಲಿಸಿಕೊಳ್ಳಲು ಹೊರಗೆ ಹೋದರು.