ಲೇಟ್ ಪಕ್ಕದ ಆಫ್

ಮೂರ್ತಪ್ಪ ಮೇಷ್ಟ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬುದರಲ್ಲಿ ಬಾಗೂರಿನ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅವರೊಬ್ಬರಿಗೇ. ಮಿಡ್ಲ್ ಸ್ಕೂಲಿನ ಪಾಠಗಳು ಬಾಯಿಪಾಠವಾಗಿದ್ದವು. ಅದರಾಚೆಗೆ ಕಾಲಿಟ್ಟರೆ ಕೆಸರು. ಆದರೂ ತಾಲ್ಲೂಕು ಆಫೀಸಿನ ನೋಟೀಸು, ಔಷಧಿ ಸೀಸೆಯ ಚೀಟಿ, ಎಲ್ಲವೂ ಅವರ ಜಗಲಿಗೇ ಬರುತ್ತಿದ್ದವು. ಇಲ್ಲ ಎನ್ನುವ ಧೈರ್ಯ ಅವರಿಗೆ ಇರಲಿಲ್ಲ.

ಎಪ್ಪತ್ನಾಲ್ಕರ ಶ್ರಾವಣದಲ್ಲಿ ಕುರಿಗಾರರ ಹಟ್ಟಿಯ ಕೆಂಚಕ್ಕ ಒಂದು ಕಾಗದ ಹಿಡಿದುಕೊಂಡು ಬಂದಳು. ಹಿಂದೆ ಸೊಸೆ ಜಯಕ್ಕ, ಮೈದುನ ತಿಮ್ಮರಾಯಪ್ಪ. ಕೆಂಚಕ್ಕನ ಮಗ ಓಬಯ್ಯ ಕುರಿ ಕಾಯುವುದು ಸಾಕೆಂದು ಬೊಂಬಾಯಿಯ ಬಟ್ಟೆ ಗಿರಣಿಗೆ ಸೇರಿ ಮೂರು ವರ್ಷವಾಗಿತ್ತು. ಒಂದು ವರ್ಷದಿಂದ ಸುದ್ದಿಯೇ ಇರಲಿಲ್ಲ. ಗಿರಣಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು ವಿಚಾರಿಸಿದವರೂ ಮೇಷ್ಟ್ರೇ. ಈಗ ಅದಕ್ಕೆ ಉತ್ತರ ಬಂದಿತ್ತು. ಟೈಪು ಮಾಡಿದ ಒಂದೇ ಸಾಲು.

ಮೇಷ್ಟ್ರು ಗಟ್ಟಿಯಾಗಿ ಓದಿದರು: “ಓಬಯ್ಯ, ಲೇಟ್ ಆಫ್ ದಿಸ್ ಮಿಲ್, ಲೆಫ್ಟ್ ಫಾರ್ ಗುಡ್ ಇನ್ ಮಾರ್ಚ್.”

“ಏನಂದ್ರಿ? ಲೇಟಾ?” ತಿಮ್ಮರಾಯಪ್ಪ ತಟ್ಟನೆ ಕೇಳಿದ. ಅವನಿಗೆ ಇಂಗ್ಲಿಷಿನ ಗಂಧವಿರಲಿಲ್ಲ, ಆ ಒಂದು ಮಾತು ಮಾತ್ರ ಗೊತ್ತಿತ್ತು. “ನಮ್ಮಣ್ಣ ತೀರ್ಕಂಡ ಮ್ಯಾಲೆ ಲಗ್ನಪತ್ರಿಕೇಲಿ ಅವನ ಹೆಸ್ರಿನ ಮುಂದೆ ಹಾಕ್ಸಿದ್ದು ಇದ್ನೇ ಅಲ್ವೇನ್ರಿ? ಲೇಟ್ ಸಣ್ಣಪ್ಪ ಅಂತ?”

ಕೆಂಚಕ್ಕ ಎದೆ ಬಡಿದುಕೊಂಡು ಕುಸಿದಳು. ಜಯಕ್ಕ ಕಂಬಕ್ಕೆ ಒರಗಿ ನಿಂತೇ ಇದ್ದಳು, ಅಳಲಿಲ್ಲ. ಅವಳ ಕಣ್ಣು ಕಾಗದದ ಮೇಲಿತ್ತು.

“ತಡೀರಿ, ತಡೀರಿ,” ಮೇಷ್ಟ್ರು ಬೆವರಿದರು. “ಬರೀ ಲೇಟ್ ಅಲ್ಲ, ಪಕ್ಕದಲ್ಲಿ ಆಫ್ ಐತೆ. ಆಫ್ ಇದ್ರೆ ಅರ್ಥ ಬ್ಯಾರೆ ಆಗಬೌದು. ಮುಂದೆ ಫಾರ್ ಗುಡ್ ಅಂತ ಬ್ಯಾರೆ ಬರ್ದವ್ರೆ. ಗುಡ್ ಅಂದ್ರೆ ಒಳ್ಳೇದು. ಒಳ್ಳೇದಕ್ಕೇ ಎಲ್ಲಿಗೋ ಹೋಗವ್ನೆ.”

“ಬದುಕವ್ನಾ ಇಲ್ವಾ ಅದ್ನ ಹೇಳ್ರಿ,” ಅಂದ ತಿಮ್ಮರಾಯಪ್ಪ. “ಬದುಕಿಲ್ಲ ಅಂದ್ರೆ ಈಕಿ ಬಳೆ ತೆಗೀಬೇಕು, ತಿಥಿ ಮಾಡ್ಬೇಕು. ಮಾರ್ಚಿಂದ ಮೈಲಿಗೇಲಿ ಕುಂತಂಗಾತಲ್ಲ ಮನೆ!”

“ನಾಳೆ ಹೊಸದುರ್ಗಕ್ಕೆ ಹೋಗಿ ಕೇಳ್ಕಂಡು ಬತ್ತೀನಿ. ಅಲ್ಲೀ ತನಕ ಏನೂ ಮಾಡ್ಬ್ಯಾಡ್ರಿ,” ಎಂದು ಮೇಷ್ಟ್ರು ಕೈ ಮುಗಿದರು.

ಹೊಸದುರ್ಗದಲ್ಲಿ ಚಿತ್ರಲಿಂಗಪ್ಪನವರೆಂಬ ರಿಟೈರ್ಡ್ ಹೆಡ್‌ಮಾಸ್ಟರಿದ್ದರು, ಹಳೇ ಕಾಲದ ಬಿ.ಎ. ಅವರು ಕನ್ನಡಕ ಏರಿಸಿ ಓದಿ ನಕ್ಕರು.

“ಫಾರ್ ಗುಡ್ ಅಂದ್ರೆ ಒಳ್ಳೇದಕ್ಕೆ ಅಲ್ಲ ಕಣಯ್ಯ. ಇನ್ನು ವಾಪಸ್ ಬರಲ್ಲ ಅಂತ ಹೋಗಿಬಿಡೋದು.”

“ಗುಡ್ ಅನ್ನೋ ಮಾತು ಅಲ್ಲಿಗೆ ಯಾಕೆ ಬಂತು ಸಾರ್?”

“ಯಾಕೆ ಬಂತೋ! ಹಂಗಂತಾರೆ, ಅಷ್ಟೆ.”

ಮೇಷ್ಟ್ರು ಕಾಗದದ ಮೇಲೆ ಬೆರಳಿಟ್ಟರು. “ಮತ್ತೆ ಲೇಟ್ ಆಫ್?”

“ಮೊನ್ನೆ ಮೊನ್ನೆವರೆಗೆ ಅಲ್ಲಿದ್ದೋನು ಅಂತ. ಸತ್ತ ಅಂತ ಏನಿಲ್ಲ.”

ಮೇಷ್ಟ್ರು ಎದ್ದು ಅವರ ಕಾಲಿಗೆ ಬೀಳುವಂತಾದರು. ಚಿತ್ರಲಿಂಗಪ್ಪನವರು ಕಾಗದವನ್ನು ಇನ್ನೊಮ್ಮೆ ನೋಡಿ ಮುಖ ಸಣ್ಣ ಮಾಡಿಕೊಂಡರು.

“ನಾನು ಹೇಳಿದ್ದು ಸರಿಯಾದ ಇಂಗ್ಲಿಷು ಮೂರ್ತಪ್ಪ. ಇದನ್ನ ಬರೆದ ಗುಮಾಸ್ತನಿಗೆ ಸರಿಯಾದ ಇಂಗ್ಲಿಷ್ ಬರ್ತಿತ್ತು ಅಂತ ನಾನು ಹೆಂಗೆ ಹೇಳ್ಲಿ? ಅವನೂ ನಮ್ಮಂಥೋನೇ. ಸತ್ತೋನು ಅನ್ನೋಕೂ ಹಿಂಗೇ ಬರೆದಿರಬೌದು. ಹೋಗೇಬಿಟ್ಟ ಅನ್ನೋದನ್ನ ನಮ್ಮೋರು ಯಾವ ಅರ್ಥದಲ್ಲಿ ಅಂತಾರೆ, ಹೇಳು.”

ಮೇಷ್ಟ್ರು ಸುಮ್ಮನಾಗಲಿಲ್ಲ. ಭಾನುವಾರ ಚಿತ್ರದುರ್ಗದ ಬಸ್ಸು ಹತ್ತಿ ಒಬ್ಬ ಹಿರಿಯ ವಕೀಲರ ಮನೆಗೆ ಹೋದರು. ವಕೀಲರು ತಮ್ಮ ಕಟ್ಟಿನಿಂದ ಒಂದು ಹಳೆಯ ಉಯಿಲಿನ ದಾವೆ ತೆಗೆದು ತೋರಿಸಿದರು. ಅದರಲ್ಲೂ ‘ಲೇಟ್ ಆಫ್’ ಇತ್ತು. ಇದ್ದದ್ದು ಸತ್ತವನೊಬ್ಬನ ವಿಳಾಸದ ಮುಂದೆ. “ಬದುಕಿರೋರಿಗೂ ಬರೀತಾರೆ,” ಎಂದರು ವಕೀಲರು. “ಇಷ್ಟರ ಮೇಲೆ ಯಾವುದೂ ತೀರ್ಮಾನ ಆಗಲ್ಲ. ಗಿರಣಿಯವರನ್ನೇ ನೇರವಾಗಿ ಕೇಳಿ.”

ಆವತ್ತೇ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಮೇಷ್ಟ್ರು ಬರೆದರು. ಏಳನೇ ಕ್ಲಾಸಿನ ಹುಡುಗನಿಗೂ ತಿಳಿಯುವಂಥ ಇಂಗ್ಲಿಷು: ಓಬಯ್ಯ ಬದುಕಿದ್ದಾನೆಯೇ, ಸತ್ತಿದ್ದಾನೆಯೇ? ಎರಡರಲ್ಲಿ ಒಂದು ಹೇಳಿ. ಮರುದಿನ ರಿಜಿಸ್ಟರ್ ಮಾಡಿಸಿ ಕಳಿಸಿದರು.

ಎರಡು ತಿಂಗಳು ತಿಮ್ಮರಾಯಪ್ಪ ತಡೆದುಕೊಂಡ. ಜಯಕ್ಕ ದಿನಾ ಕುರಿಮರಿಗಳಿಗೆ ಸೊಪ್ಪು ತರುವಾಗ ಸ್ಕೂಲಿನ ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ಪಾಠ ಮಾಡುತ್ತಿದ್ದ ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರೆ ಹೊರಟುಹೋಗುತ್ತಿದ್ದಳು.

ಉತ್ತರ ಬಂದದ್ದು ದಸರೆ ಕಳೆದ ಮೇಲೆ. ‘ನಿಮ್ಮ ಪ್ರಶ್ನೆಗೆ ನಮ್ಮ ಹಿಂದಿನ ಪತ್ರವನ್ನು ನೋಡಿಕೊಳ್ಳುವುದು. ಅದಕ್ಕಿಂತ ಹೆಚ್ಚಿಗೆ ತಿಳಿಸುವುದೇನೂ ಇಲ್ಲ.’

ಈ ಇಂಗ್ಲಿಷು ಮಾತ್ರ ಮೇಷ್ಟ್ರಿಗೆ ಪೂರ್ತಿಯಾಗಿ ಅರ್ಥವಾಯಿತು.

ಹಟ್ಟಿಯ ಹಿರಿಯರು ಸೇರಿದರು. ಮೇಷ್ಟ್ರು ನಡುವೆ ನಿಂತು ಫಾರ್ ಗುಡ್ ಎಂಬುದನ್ನು ತಾನು ತಪ್ಪಾಗಿ ಹೇಳಿದೆನೆಂದು ಮೊದಲು ಒಪ್ಪಿಕೊಂಡರು. ಕೆಂಚಕ್ಕ ಆ ಒಳ್ಳೇದನ್ನೇ ನಂಬಿ ಕುಲದೇವರಿಗೆ ಹರಕೆ ಹೊತ್ತಿದ್ದಳು. ಅವಳು ಅವರ ಮುಖವನ್ನೇ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

“ಓದಿದೋರು ನೀವೊಬ್ರೇ,” ಅಂದ ತಿಮ್ಮರಾಯಪ್ಪ. ಅವನ ದನಿಯೂ ಸೋತಿತ್ತು. “ನೀವು ಯಾವ್ದು ಅಂತೀರೋ ಅದ್ನೇ ಮಾಡ್ತೀವಿ. ಹೇಳ್ರಿ.”

ಬದುಕಿದ್ದಾನೆ ಎಂದರೆ, ನಾಳೆ ಸಾವಿನ ಸುದ್ದಿ ಬಂದರೆ? ಸತ್ತ ಎಂದರೆ, ನಾಳೆ ಅವನೇ ಬಸ್ಸಿಳಿದು ಬಂದರೆ? “ನನಗೆ ಗೊತ್ತಾಗ್ತಿಲ್ಲ,” ಎಂದರು ಮೇಷ್ಟ್ರು. ಅಷ್ಟು ಜನರೆದುರು ಅವರು ಆ ಮಾತು ಆಡಿದ್ದು ಅದೇ ಮೊದಲು.

ಹಿರಿಯರು ಯಾವುದನ್ನೂ ತೀರ್ಮಾನಿಸದೆ ಎದ್ದರು. ತಿಥಿ ನಡೆಯಲಿಲ್ಲ, ಬಳೆ ಒಡೆಯಲಿಲ್ಲ. ಆದರೆ ಮದುವೆಮನೆಗಳಲ್ಲಿ ಸೋಬಾನೆ ಹೇಳಲು ಜಯಕ್ಕನನ್ನು ಕರೆಯುವುದು ನಿಂತಿತು. ಎದುರಿಗೆ ಸಿಕ್ಕ ಹೆಂಗಸರು ಅವಳನ್ನು ಮುತ್ತೈದೆ ಅನ್ನಬೇಕೋ ಬೇಡವೋ ತಿಳಿಯದೆ ದಾರಿಯನ್ನೇ ಬದಲಾಯಿಸುತ್ತಿದ್ದರು.

ಗೌರಿಹುಣ್ಣಿಮೆಯ ಸಂಜೆ ಮೇಷ್ಟ್ರ ಹೆಂಡತಿ ಉಚ್ಚಂಗಮ್ಮ ಅವಳನ್ನು ತಾನೇ ಹೋಗಿ ಕರೆತಂದು ಮಣೆ ಹಾಕಿ ಕೂರಿಸಿದಳು. ಅರಿಸಿನ ಕುಂಕುಮದ ತಟ್ಟೆ ಮುಂದೆ ಹಿಡಿದಳು. ಜಯಕ್ಕ ಒಂದು ಚಿಟಿಕೆ ಕುಂಕುಮ ತೆಗೆದುಕೊಂಡು, ಒಳಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಕಡೆಗೆ ತಿರುಗಿದಳು.

“ಹಚ್ಕಳ್ಳಾ ಮೇಷ್ಟ್ರೆ?”

ಅವರು ಬಾಯಿ ತೆರೆದರು. ಯಾವ ಭಾಷೆಯಲ್ಲೂ ಏನೂ ಬರಲಿಲ್ಲ.

ಜಯಕ್ಕ ಕುಂಕುಮವನ್ನು ಸೆರಗಿನ ತುದಿಗೆ ಹಾಕಿ, ಗಂಟು ಬಿಗಿದು, “ಬತ್ತೀನ್ರಕ್ಕ, ಕುರಿ ಕೂಡಿಲ್ಲ ಇನ್ನೂ,” ಎಂದು ಎದ್ದು ಹೋದಳು.